ಕೆಟ್ಟ ಸುದ್ದಿ ಎಷ್ಟು ದಿನಕ್ಕೆ ಬರುತ್ತದೆ?

(ಸೆಪ್ಟೆಂಬರ್ ಮೂರನೇ ವಾರ ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಆಡಿದ ಮಾತು. ಮೊಬೈಲ್ ರೆಕಾರ್ಡಿಂಗಿನಿಂದ ಇಳಿಸುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ನಡುವೆ ಕರೆಂಟ್ ಹೋಗಿ ಮೈಕಿಲ್ಲದೆ ಕೂಗಿ ಹೇಳಿದ ಭಾಗವನ್ನು ನೆನಪಿನಿಂದ ಸೇರಿಸಿದ್ದೇನೆ. ಕೊನೆಯದು ಸಭೆ ಮುಗಿದ ಮೇಲಿನ ಸಂಗತಿ.)

ಎಲ್ಲರಿಗೂ ನಮಸ್ಕಾರ. ಆಮಂತ್ರಣದಲ್ಲಿ ನನ್ನ ವಿಷಯವನ್ನು 'ಯುದ್ಧಕಾಲದಲ್ಲಿ ರಾಷ್ಟ್ರದ ವ್ಯೂಹಾತ್ಮಕ ಸಂವಹನ' ಎಂದು ಅಚ್ಚು ಹಾಕಿದ್ದಾರೆ. ಓದಿ ನನಗೇ ಸ್ವಲ್ಪ ಅಂಜಿಕೆಯಾಯಿತು. ನಮ್ಮ ಊರಲ್ಲಿ ಇದಕ್ಕೆ ಡಂಗುರ ಅನ್ನುತ್ತಿದ್ದರು. ಹಲಗಿ ಬಡಿದು "ಕೇಳ್ರಪೋ ಕೇಳ್ರಿ" ಅಂತ ಕೂಗಿದರೆ ಸರ್ಕಾರದ ಮಾತು ಊರಿಗೆ ಮುಟ್ಟಿದ ಹಾಗೆ. ಯುದ್ಧದ ಹೊತ್ತಿನಲ್ಲಿ ಈ ಡಂಗುರಕ್ಕೆ ಒಂದು ಪೇಚು ಬರುತ್ತದೆ. ಅದನ್ನು ಮೂರು ಜೊತೆ ಕಿವಿಗಳು ಕೇಳುತ್ತಿರುತ್ತವೆ: ನಮ್ಮ ಜನ, ವೈರಿ, ದೂರ ನಿಂತು ನೋಡುವ ಜಗತ್ತು. ನಮ್ಮವರು ಹೆದರಬಾರದು, ವೈರಿ ಹೆದರಬೇಕು, ನೋಡುವವರು ನಮ್ಮನ್ನು ತಪ್ಪಿತಸ್ಥರು ಅನ್ನಬಾರದು. ಇಷ್ಟನ್ನೂ ಒಂದೇ ಬಾಯಿಂದ ಮಾಡಬೇಕು.

ಬೇರೆ ದೇಶಕ್ಕೆ ಹೋಗುವ ಮುಂಚೆ ಇಲ್ಲಿಂದಲೇ ಶುರು ಮಾಡೋಣ. ಮೊನ್ನೆ 17ರ ಬೆಳಗ್ಗೆ ನಮ್ಮ ಓಣಿಯ ಶಾಲೆಯಲ್ಲಿ ಧ್ವಜ ಏರಿಸಿದರು, ಅತ್ತ ಪಟೇಲರ ಪುತ್ಥಳಿಗೆ ಮಾಲೆ ಬಿತ್ತು. ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗನಿಗೆ ಫೋಟೋ ಕಳಿಸಿದರೆ "ಅಜ್ಜ, ಆಗಸ್ಟ್ ಹದಿನೈದು ಹೋಗಿ ತಿಂಗಳಾಯ್ತು" ಎಂದ. ಈ ದಿನಕ್ಕೆ ಎಷ್ಟು ಹೆಸರುಗಳಿವೆ ನೋಡಿ. ನಾವು ಚಿಕ್ಕವರಿದ್ದಾಗ ಅದು 'ಪೊಲೀಸ್ ಆ್ಯಕ್ಷನ್ ಆದ ದಿನ'. ಆಮೇಲೆ 'ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ'. 2019ರಿಂದ 'ಕಲ್ಯಾಣ ಕರ್ನಾಟಕ ಉತ್ಸವ ದಿನ'. ಉರ್ದು ಮನೆಗಳ ಹಿರಿಯರ ಬಾಯಲ್ಲಿ 'ಸುಕೂತ್-ಎ-ಹೈದರಾಬಾದ್', ಅಂದರೆ ಹೈದರಾಬಾದಿನ ಪತನ. ಭಾಲ್ಕಿ ಕಡೆಯ ನಮ್ಮ ಅಜ್ಜಿ ಇದ್ಯಾವುದನ್ನೂ ಹೇಳುತ್ತಿರಲಿಲ್ಲ. ಆಕೆಗೆ ಅದು 'ರಜಾಕಾರ್ ಗಲಾಟಿ'. ಮಕ್ಕಳ ವಯಸ್ಸನ್ನೂ ಅದರಿಂದಲೇ ಎಣಿಸುತ್ತಿದ್ದಳು: "ನಿಮ್ಮಪ್ಪ ಗಲಾಟಿಗಿಂತ ಎರಡ ವರ್ಷ ಮುಂಚಿ ಹುಟ್ಯಾನ."

ನಿಜಾಮರು ಆಳುತ್ತಿದ್ದ ಹೈದರಾಬಾದ್ ಸಂಸ್ಥಾನವನ್ನು, ಅದರೊಳಗಿದ್ದ ನಮ್ಮ ಈ ಭಾಗವನ್ನೂ, ಭಾರತ ಸೈನ್ಯ ಕಳಿಸಿ ಸೇರಿಸಿಕೊಂಡ ಸಂಗತಿ ಅದು. ಸೇನೆಯ ಕಡತದಲ್ಲಿ ಅದರ ಹೆಸರು ಆಪರೇಷನ್ ಪೋಲೋ. 1948ರ ಸೆಪ್ಟೆಂಬರ್ 13ರ ಬೆಳಗ್ಗೆ ಶುರುವಾಗಿ 17ರ ಸಂಜೆಗೆ ಮುಗಿಯಿತು. ಮೇಜರ್ ಜನರಲ್ ಜೆ.ಎನ್. ಚೌಧುರಿ ನೇತೃತ್ವದ ಮುಖ್ಯ ಪಡೆ ಸೊಲ್ಲಾಪುರದಿಂದ ಹೊರಟು ನಳದುರ್ಗ, ಹುಮನಾಬಾದ, ಜಹೀರಾಬಾದ ದಾರಿ ಹಿಡಿದು ಹೈದರಾಬಾದಿಗೆ ನಡೆಯಿತು. ಟ್ಯಾಂಕುಗಳಿದ್ದವು, ಮೇಲೆ ವಿಮಾನಗಳಿದ್ದವು. ಆದರೂ ಜಗತ್ತಿಗೆ ಹೇಳಿದ್ದು 'ಪೊಲೀಸ್ ಕ್ರಮ' ಎಂದು. ಇದು ಬಾಯಿತಪ್ಪಿ ಬಂದ ಮಾತಲ್ಲ. ಆಗಸ್ಟ್ 21ರಂದೇ ನಿಜಾಮರ ಸರ್ಕಾರ ವಿಶ್ವಸಂಸ್ಥೆಗೆ ದೂರು ಕೊಟ್ಟಿತ್ತು. 'ಯುದ್ಧ' ಅಂದುಬಿಟ್ಟರೆ ಎರಡು ದೇಶಗಳಿವೆ ಎಂದು ಒಪ್ಪಿಕೊಂಡಂತೆ. 'ಪೊಲೀಸ್' ಅಂದರೆ ಮನೆಯೊಳಗಿನ ವಿಷಯ, ಹೊರಗಿನವರು ಬಾಗಿಲು ಬಡಿಯುವಂತಿಲ್ಲ. ಭದ್ರತಾ ಮಂಡಳಿ ಪ್ಯಾರಿಸ್‌ನಲ್ಲಿ ಹೈದರಾಬಾದಿನ ದೂರನ್ನು ಕೈಗೆತ್ತಿಕೊಂಡದ್ದು ಸೆಪ್ಟೆಂಬರ್ 16ಕ್ಕೆ. ಮರುದಿನ ನಿಜಾಮರು ಕದನ ನಿಲ್ಲಿಸಿದರು. ಒಂದು ಶಬ್ದ ಅಷ್ಟು ದಿನ ಬಾಗಿಲಿಗೆ ಅಡ್ಡ ನಿಂತುಕೊಂಡಿತ್ತು.

ಇದರಲ್ಲೊಂದು ವಕ್ರತೆ ಇದೆ, ಹೇಳಿಬಿಡುತ್ತೇನೆ. 1947ರ ಜುಲೈನಲ್ಲಿ ಡಚ್ಚರು ಇಂಡೋನೇಷ್ಯಾದ ಮೇಲೆ ಸೈನ್ಯ ನುಗ್ಗಿಸಿ ಅದನ್ನು 'ಪೊಲೀಸ್ ಕ್ರಮ' ಎಂದಿದ್ದರು. 1948ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಅದೇ ಕೆಲಸ, ಅದೇ ಹೆಸರು. ಅದನ್ನು ಖಂಡಿಸಿ 1949ರ ಜನವರಿಯಲ್ಲಿ ದೆಹಲಿಯಲ್ಲಿ ಹಲವು ದೇಶಗಳ ಸಮ್ಮೇಳನ ಕರೆದವರು ನಮ್ಮ ನೆಹರೂ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ವಸಾಹತು ಉಳಿಸಿಕೊಳ್ಳಲು ಹೋದವರಿಗೂ ನಮ್ಮ ಪಾಡಿಗೂ ಬಹಳ ದೂರ. ಆದರೆ ಒಂದೇ ಅಂಗಿಯನ್ನು ಇಬ್ಬರೂ ತೊಟ್ಟಿದ್ದು ನಿಜ.

ಎದುರು ಪಕ್ಷದ ಡಂಗುರ ಹೇಗಿತ್ತು? ನಿಜಾಮರ ಪರ ಬಂದೂಕು ಹಿಡಿದ ರಜಾಕಾರರ ನಾಯಕ ಖಾಸಿಂ ರಜ್ವಿಯ ಭಾಷಣಗಳಲ್ಲಿ ಕೆಂಪು ಕೋಟೆಯ ಮೇಲೆ ಆಸಫ್‌ಜಾಹಿ ಬಾವುಟ ಹಾರುತ್ತಿತ್ತು, ಬಂಗಾಳ ಕೊಲ್ಲಿಯ ಅಲೆ ಬಂದು ನಿಜಾಮರ ಪಾದ ತೊಳೆಯುತ್ತಿತ್ತು. ಇಂಥ ಮಾತು ಕೇಳಿ ಮನೆಗೆ ಹೋದ ಜನಕ್ಕೆ ಐದನೇ ದಿನ ಸಂಜೆ ರೇಡಿಯೋದಲ್ಲಿ ಕದನ ನಿಲ್ಲಿಸಿದ್ದೇವೆ ಎಂಬ ನಿಜಾಮರದೇ ದನಿ ಕೇಳಿತು. ಆ ಭಾಷಣದ ಕರಡು ಸಿದ್ಧವಾಗುವಲ್ಲಿ ಭಾರತದ ಪ್ರತಿನಿಧಿ ಕೆ.ಎಂ. ಮುನ್ಷಿಯವರ ಕೈಯಿತ್ತು. ಇನ್ನೊಂದು ವಾರದೊಳಗೆ, 23ರಂದು, ಅದೇ ದನಿ ಮತ್ತೆ ಬಂತು. ಈ ಸಲ ರಜ್ವಿಯ ಗುಂಪು ಹಿಟ್ಲರನ ಜರ್ಮನಿಯ ರೀತಿಯಲ್ಲಿ ತನ್ನ ರಾಜ್ಯವನ್ನು ವಶಮಾಡಿಕೊಂಡಿತ್ತು ಎಂಬ ದೂರು. ನಡುವೆ ಒಂದು ಮೆಟ್ಟಿಲೂ ಇರಲಿಲ್ಲ. ಅಟ್ಟದಿಂದ ಸೀದಾ ಅಂಗಳಕ್ಕೆ.

ಯುದ್ಧಕಾಲದ ಸರ್ಕಾರ ಹೇಳಿದ್ದರಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಎಂದು ತೂಗುತ್ತಾ ಕೂತರೆ ಹೊತ್ತು ಮುಳುಗುತ್ತದೆ. ನಾನು ಬೇರೆ ಅಳತೆ ಇಟ್ಟುಕೊಂಡಿದ್ದೇನೆ. ತನಗಾದ ಕೆಟ್ಟದ್ದನ್ನು ತನ್ನ ಬಾಯಿಂದಲೇ ಹೇಳಲು ಒಂದು ದೇಶ ಎಷ್ಟು ದಿನ ತಗೊಂಡಿತು? ಗೆದ್ದ ಸುದ್ದಿ ಸಾರುವುದನ್ನು ಯಾರಿಗೂ ಕಲಿಸಬೇಕಿಲ್ಲ, ಅದಕ್ಕೆ ಹಲಗಿ ತಾನೇ ಬಡಿದುಕೊಳ್ಳುತ್ತದೆ. ಸೋತದ್ದು, ಸತ್ತದ್ದು, ಎಡವಿದ್ದು ಯಾವಾಗ ಹೊರಬಂತು, ಯಾರ ಬಾಯಿಂದ ಬಂತು, ಅದನ್ನು ಕ್ಯಾಲೆಂಡರ್ ಇಟ್ಟುಕೊಂಡು ಎಣಿಸಿ.

ಬ್ರಿಟನ್ ನೋಡಿ. 1939ರಲ್ಲಿ ಅವರ ಮಾಹಿತಿ ಸಚಿವಾಲಯ ನಗೆಪಾಟಲಾಗಿತ್ತು. ಜರ್ಮನಿಯ ಮೇಲೆ ವಿಮಾನದಿಂದ ಲಕ್ಷಗಟ್ಟಲೆ ಕರಪತ್ರ ಉದುರಿಸಿದ್ದರು. ಅಮೆರಿಕದ ಪತ್ರಕರ್ತ ಜಾನ್ ಗುಂಥರ್ ಒಂದು ಪ್ರತಿ ಕೇಳಿದರೆ "ವೈರಿಗೆ ಉಪಯೋಗವಾಗುವ ಮಾಹಿತಿ ಕೊಡಲು ಬರುವುದಿಲ್ಲ" ಎಂದರಂತೆ. ವೈರಿಯ ಅಂಗಳದಲ್ಲಿ ಬಿದ್ದಿರುವ ಕಾಗದ! ಅದೇ ವರ್ಷ ಗೋಡೆಗಳಿಗೆ ಅಂಟಿಸಿದ ಭಿತ್ತಿಪತ್ರ ಇನ್ನೂ ಚೆನ್ನ: 'ನಿಮ್ಮ ಧೈರ್ಯ, ನಿಮ್ಮ ಉಲ್ಲಾಸ, ನಿಮ್ಮ ಸಂಕಲ್ಪ ನಮಗೆ ಗೆಲುವು ತರುತ್ತದೆ.' ಓದಿದ ಕೂಲಿಕಾರ ಕೇಳಿದ: ಧೈರ್ಯ ನಮ್ಮದು, ಗೆಲುವು ನಿಮ್ಮದೋ? ಎರಡು ಸರ್ವನಾಮಗಳು ಇಡೀ ಅಭಿಯಾನವನ್ನು ಮುಳುಗಿಸಿದವು. ಕನ್ನಡ ಮೇಷ್ಟ್ರುಗಳು ಇಲ್ಲಿದ್ದೀರಿ, ಪಾಠಕ್ಕೆ ಬಳಸಿಕೊಳ್ಳಿ. ಈಗ ನಮ್ಮ ಹುಡುಗರ ಚಹಾ ಕಪ್ಪು, ಟೀ ಶರ್ಟಿನ ಮೇಲೆಲ್ಲ ಕಾಣುವ 'ಕೀಪ್ ಕಾಮ್ ಆ್ಯಂಡ್ ಕ್ಯಾರಿ ಆನ್' ಕೂಡ ಆ ಸರಣಿಯದೇ. ಇಪ್ಪತ್ತನಾಲ್ಕು ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾಗಿ ಬಹುಪಾಲು ಗೋಡೆ ಕಾಣಲೇ ಇಲ್ಲ, ಕಾಗದದ ರದ್ದಿಗೆ ಹೋಯಿತು.

ಆ ದೇಶ ಕಲಿತದ್ದು ಪೆಟ್ಟು ತಿಂದ ಮೇಲೆ. 1940ರ ಜೂನ್ 4, ಜರ್ಮನ್ನರು ಸುತ್ತುವರಿದಿದ್ದ ಫ್ರಾನ್ಸಿನ ತೀರದ ಊರು ಡನ್‌ಕರ್ಕ್‌ನಿಂದ ಮೂರು ಲಕ್ಷ ಮೂವತ್ತೆಂಟು ಸಾವಿರ ಸೈನಿಕರನ್ನು ದೋಣಿ, ಹಡಗುಗಳಲ್ಲಿ ತಪ್ಪಿಸಿ ತಂದು ಜನ ಕುಣಿಯುತ್ತಿದ್ದಾಗ ಚರ್ಚಿಲ್ ಸಂಸತ್ತಿನಲ್ಲಿ ಎದ್ದು ನಿಂತು, ಹೀಗೆ ಜಾಗ ಖಾಲಿ ಮಾಡುವುದರಿಂದ ಯುದ್ಧ ಗೆಲ್ಲಲಾಗದು, ಇದನ್ನು ಗೆಲುವೆಂದು ಎಣಿಸಬೇಡಿ ಎಂದರು. ಸೋಲಿನ ಸುದ್ದಿ ಅದೇ ದಿನ, ಪ್ರಧಾನಿಯ ಬಾಯಿಂದ. ಮಾದರಿ ಅಲ್ಲವೇ? ಹದಿಮೂರು ದಿನ ಮುಂದೆ ಹೋಗಿ. ಜೂನ್ 17ರಂದು ಲ್ಯಾಂಕಾಸ್ಟ್ರಿಯಾ ಎಂಬ ಹಡಗು ಫ್ರಾನ್ಸಿನ ತೀರದಲ್ಲಿ ಸಾವಿರಾರು ಜನರನ್ನು ಹೊತ್ತು ಮುಳುಗಿತು. ಅದೇ ಚರ್ಚಿಲ್ ಸುದ್ದಿಯನ್ನು ತಡೆದರು, ಇವತ್ತಿಗೆ ಸಾಕಾಗುವಷ್ಟು ಕೆಟ್ಟ ಸುದ್ದಿ ಆಗಿದೆ ಎಂಬ ಲೆಕ್ಕದಲ್ಲಿ. ಐದು ವಾರ ಕಳೆದು ನ್ಯೂಯಾರ್ಕಿನ ಪತ್ರಿಕೆಯಲ್ಲಿ ಬಂದ ಮೇಲೆ ಲಂಡನ್ ಪತ್ರಿಕೆಗಳು ಬರೆದವು. ಆದ್ದರಿಂದ ಯಾವ ದೇಶವೂ ಒಮ್ಮೆ ಕಲಿತು ಪಾಸಾಗಿ ಮುಗಿಸುವುದಿಲ್ಲ.

ಜಪಾನಿನದು ಇನ್ನೊಂದು ತುದಿ. 1942ರ ಜೂನ್‌ನಲ್ಲಿ ಮಿಡ್‌ವೇಯಲ್ಲಿ ಅಮೆರಿಕದ ಎದುರು ನಾಲ್ಕು ವಿಮಾನವಾಹಕ ಹಡಗು ಕಳೆದುಕೊಂಡರು. ಊರಲ್ಲಿ ಮಾತು ಹಬ್ಬಬಾರದು ಎಂದು ಗಾಯಾಳು ನಾವಿಕರನ್ನು ಆಸ್ಪತ್ರೆಯಲ್ಲಿ ಬೇರೆ ಇಟ್ಟರು. ಮುಂದಿನ ವರ್ಷ ಗ್ವಾಡಲ್‌ಕನಾಲ್ ದ್ವೀಪ ಬಿಟ್ಟು ಓಡಿದ್ದನ್ನು 'ದಿಕ್ಕು ಬದಲಿಸಿ ಮುನ್ನಡೆದೆವು' ಎಂದರು. ಅಲ್ಲಿನ ಸೇನಾ ಕೇಂದ್ರ ಕಚೇರಿಯ ಪ್ರಕಟಣೆಗೆ 'ದೈಹೊನ್ಯೆ ಹಪ್ಪ್ಯೋ' ಎಂದು ಹೆಸರು. ಇವತ್ತಿಗೂ ಜಪಾನಿಗಳು ಕಚೇರಿಯ ಹುಸಿ ವರದಿಗೆ ಆ ಮಾತನ್ನೇ ಆಡುತ್ತಾರೆ. ಡಂಗುರವೇ ಗಾದೆಯಾಯಿತು.

ಇನ್ನು ನಮ್ಮ ಸರದಿ. 1962ರ ಅಕ್ಟೋಬರ್ 12ರಂದು ನೆಹರೂ ಕೊಲಂಬೊಗೆ ಹೊರಟವರು ವಿಮಾನ ನಿಲ್ದಾಣದಲ್ಲಿ ಪತ್ರಕರ್ತರಿಗೆ, ನಮ್ಮ ನೆಲವನ್ನು ತೆರವು ಮಾಡಿಸಲು ಸೇನೆಗೆ ಹೇಳಿದ್ದೇನೆ ಎಂದರು. ಸಿದ್ಧತೆ ಇಲ್ಲದೆ ಹೊರಬಿದ್ದ ಮಾತು. ಎಂಟು ದಿನಕ್ಕೆ ಚೀನಾ ಬಂತು. ನವೆಂಬರಿನಲ್ಲಿ ಈಗಿನ ಅರುಣಾಚಲದ ಬೊಮ್ದಿಲಾ ಬಿದ್ದಾಗ ಅದೇ ನೆಹರೂ ಆಕಾಶವಾಣಿಯಲ್ಲಿ ಅಸ್ಸಾಮಿನ ಜನಕ್ಕಾಗಿ ನನ್ನ ಹೃದಯ ಮಿಡಿಯುತ್ತಿದೆ ಎಂದರು. ಅವರ ಮಟ್ಟಿಗೆ ಪ್ರಾಮಾಣಿಕ ದುಃಖ. ಆದರೆ ಅಸ್ಸಾಮಿನಲ್ಲಿ ಕೇಳಿದವರಿಗೆ ಅದು 'ನಿಮ್ಮನ್ನು ಬಿಟ್ಟೆವು' ಎಂದು ಕೇಳಿಸಿತು, ಇವತ್ತಿಗೂ ಆ ನೋವು ಅಲ್ಲಿ ಹೋಗಿಲ್ಲ. ಆ ಸೋಲು ಹೇಗಾಯಿತು ಎಂದು ಸೇನೆಯೇ ಬರೆಸಿದ ಹೆಂಡರ್ಸನ್ ಬ್ರೂಕ್ಸ್-ಭಗತ್ ವರದಿಯನ್ನು ಸರ್ಕಾರ ಇನ್ನೂ ಬಿಡುಗಡೆ ಮಾಡಿಲ್ಲ. ನನ್ನ ಕ್ಯಾಲೆಂಡರಿನಲ್ಲಿ ಅರವತ್ತು ವರ್ಷ ದಾಟಿ ಎಣಿಕೆ ನಡೆದೇ ಇದೆ.

1965ರದು ಬಾಯಿಪಾಠ ಬರುವಷ್ಟು ಗೊತ್ತು: ಶಾಸ್ತ್ರೀಜಿ, ಜೈ ಜವಾನ್ ಜೈ ಕಿಸಾನ್, ಸೋಮವಾರ ರಾತ್ರಿಯ ಉಪವಾಸ. ಅದನ್ನು ದಾಟೋಣ. ದಾಟುವ ಮುಂಚೆ ನಮ್ಮ ಭಾಗದ ಒಂದು ಚಿನ್ನದ ಕತೆ. ನಿಜಾಮರು ಯುದ್ಧನಿಧಿಗೆ 5,000 ಕಿಲೋ ಬಂಗಾರ ದಾನ ಮಾಡಿದರು, "ಕೊಟ್ಟದ್ದು ಬಂಗಾರ, ಪೆಟ್ಟಿಗೆ ವಾಪಸ್ ಕೊಡ್ರಿ" ಎಂದರು ಎಂಬ ಸಂದೇಶ ನಿಮ್ಮೆಲ್ಲರ ಮೊಬೈಲಿಗೂ ಬಂದಿರಬೇಕು. ನನಗೆ ವರ್ಷಕ್ಕೆ ಮೂರು ಸಲ ಬರುತ್ತದೆ. ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ರಾಷ್ಟ್ರೀಯ ರಕ್ಷಣಾ ನಿಧಿಯ ಕಚೇರಿ ಅಂಥ ದಾನದ ಮಾಹಿತಿ ಇಲ್ಲ ಎಂದಿತು. ಆದದ್ದು ಇಷ್ಟು: 1965ರಲ್ಲಿ ಸರ್ಕಾರ ಹೊರಡಿಸಿದ ಚಿನ್ನದ ಬಾಂಡಿನಲ್ಲಿ ನಿಜಾಮರು 425 ಕಿಲೋ ತೊಡಗಿಸಿದರು, ಶೇಕಡಾ 6.5ರ ಬಡ್ಡಿಗೆ. ಅದು ಸಣ್ಣ ಕೆಲಸವೇನೂ ಅಲ್ಲ, ಆ ಕಾಲಕ್ಕೆ ದೇಶಕ್ಕೆ ದೊಡ್ಡ ಆಸರೆ. ಆದರೆ ಬಡ್ಡಿ ಇರುವ ಕತೆಯನ್ನು ಯಾರು ಫಾರ್ವರ್ಡ್ ಮಾಡುತ್ತಾರೆ ಹೇಳಿ.

1971ರ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ನಮ್ಮ ದೇಶ ಈ ಕಲೆಯನ್ನು ಬಲ್ಲವರಂತೆ ಮಾಡಿದ್ದು ಅವತ್ತು. ಪಾಕಿಸ್ತಾನದ ಜೊತೆ ಯುದ್ಧ ನಡೆದದ್ದು ಡಿಸೆಂಬರ್ 3ರಿಂದ 16, ಹದಿನಾಲ್ಕು ದಿನ. ಮಾತು ಶುರುವಾದದ್ದು ಎಂಟು ತಿಂಗಳ ಮೊದಲು. ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ಓಡಿಬಂದ ನಿರಾಶ್ರಿತರ ಶಿಬಿರಗಳಿಗೆ ವಿದೇಶಿ ಪತ್ರಕರ್ತರನ್ನು ಬಿಟ್ಟರು. ಜೂನ್ 13ರಂದು ಪಾಕಿಸ್ತಾನದವರೇ ಆದ ಆ್ಯಂಟನಿ ಮಸ್ಕರೇನ್ಹಸ್ ಲಂಡನ್ನಿನ ಸಂಡೇ ಟೈಮ್ಸ್‌ನಲ್ಲಿ ಢಾಕಾದ ಕಡೆಯ ಕೊಲೆಗಳನ್ನು ಬರೆದರು. ಆ ಒಂದು ಲೇಖನ ಮಾಡಿದ ಕೆಲಸವನ್ನು ನಮ್ಮ ನೂರು ಪ್ರಕಟಣೆ ಮಾಡುತ್ತಿರಲಿಲ್ಲ. ಅಕ್ಟೋಬರ್-ನವೆಂಬರಿನಲ್ಲಿ ಇಂದಿರಾ ಗಾಂಧಿ ಯುರೋಪು, ಅಮೆರಿಕ ಸುತ್ತಿದರು. ಗುಂಡು ಹಾರುವ ಹೊತ್ತಿಗೆ ನೋಡುವ ಜಗತ್ತಿನ ಕಿವಿ ಹದವಾಗಿತ್ತು.

ಇನ್ನು ವೈರಿಯ ಕಿವಿ. ನಮ್ಮ ಸೇನಾ ಮುಖ್ಯಸ್ಥ ಮಾಣೆಕ್‌ಷಾ ಅವರ ಸಂದೇಶಗಳು ರೇಡಿಯೋದಲ್ಲಿ ಮತ್ತೆ ಮತ್ತೆ ಬಂದವು, ಕರಪತ್ರವಾಗಿ ಆಕಾಶದಿಂದ ಬಿದ್ದವು: ನೀವು ಸುತ್ತುವರಿದಿದ್ದೀರಿ, ಶರಣಾದರೆ ಜಿನೀವಾ ಒಪ್ಪಂದದ ಪ್ರಕಾರ ಮರ್ಯಾದೆಯಿಂದ ನೋಡಿಕೊಳ್ಳುತ್ತೇವೆ. ಬೆದರಿಕೆಯ ಜೊತೆ ಬಾಗಿಲನ್ನೂ ತೆರೆದಿಟ್ಟ ಮಾತು. ನಮ್ಮ ತಂದೆ ಮರ್ಫಿ ರೇಡಿಯೋದ ಮುಂದೆ ಕೂತು ದೆಹಲಿಯ ಕನ್ನಡ ವಾರ್ತೆ ಕೇಳುತ್ತಿದ್ದರು. ಅದು ಮುಗಿದ ಮೇಲೆ ಮುಳ್ಳನ್ನು ಒಂದು ಕೂದಲೆಳೆ ಸರಿಸಿ ಬಿಬಿಸಿ, ಇನ್ನೊಂದು ಎಳೆ ಸರಿಸಿ ರೇಡಿಯೋ ಪಾಕಿಸ್ತಾನ. ಮೂರನ್ನೂ ಕೇಳಿ, ಎಲೆ ಅಡಿಕೆ ಹಾಕಿಕೊಂಡು, "ಮೂರೂ ಕೂಡಿಸಿ ಮೂರರಿಂದ ಭಾಗಿಸು" ಅನ್ನುತ್ತಿದ್ದರು. ಆಮೇಲೆ ಪತ್ರಿಕೋದ್ಯಮದ ತರಗತಿಯಲ್ಲಿ ನಾನು ಹೇಳಿಕೊಟ್ಟದ್ದು ಅಷ್ಟನ್ನೇ, ಸಂಬಳ ಪಡೆದು.

ಅದರೊಳಗೆ ಒಂದು ಫೋಟೋದ ಸಂಗತಿ. ಡಿಸೆಂಬರ್ 11ರಂದು ಪೂರ್ವ ಪಾಕಿಸ್ತಾನದ ಟಾಂಗೈಲ್‌ನಲ್ಲಿ ನಮ್ಮ ಪ್ಯಾರಾಚೂಟ್ ಸೈನಿಕರು ಇಳಿದರು. ಇಳಿದದ್ದು ಒಂದು ಬೆಟಾಲಿಯನ್, ಸುಮಾರು 700 ಜನ. ಫೋಟೋಗ್ರಾಫರ್ ಯಾರೂ ಜೊತೆಗಿರಲಿಲ್ಲ. ಸೇನೆಯ ಸಾರ್ವಜನಿಕ ಸಂಪರ್ಕಾಧಿಕಾರಿ ರಾಮಮೋಹನ ರಾವ್ ಹಿಂದೆ ಆಗ್ರಾದ ಅಭ್ಯಾಸದಲ್ಲಿ ಇಡೀ ಬ್ರಿಗೇಡ್ ಆಕಾಶದಿಂದ ಇಳಿಯುತ್ತಿರುವ ಹಳೆಯ ಚಿತ್ರವನ್ನು ಪತ್ರಿಕೆಗಳಿಗೆ ಕೊಟ್ಟರು. ಆಕಾಶದ ತುಂಬಾ ಕೊಡೆಗಳು. ವಿದೇಶಿ ಪತ್ರಿಕೆಗಳು ಐದು ಸಾವಿರ ಜನ ಇಳಿದರು ಎಂದು ಬರೆದವು. ಢಾಕಾದಲ್ಲಿದ್ದ ಪಾಕಿಸ್ತಾನಿ ಜನರಲ್ ನಿಯಾಜಿಗೂ ಅದೇ ಸುದ್ದಿ. ಐದೇ ದಿನಕ್ಕೆ ಶರಣಾಗತಿಗೆ ಸಹಿ. ಆ ಚಿತ್ರ ಸುಳ್ಳೇ? ಕೊಡೆಗಳು ನಿಜ, ಸೈನಿಕರು ನಿಜ, ಊರು ಬೇರೆ, ದಿನ ಬೇರೆ. ನನ್ನನ್ನು ಕೇಳಿದರೆ ಅದು ವೈರಿಯ ಕಿವಿಗೆ ಹೇಳಿದ ಮಾತು, ಅದರಿಂದ ಶರಣಾಗತಿ ಒಂದು ದಿನ ಮುಂಚೆ ಬಂದಿದ್ದರೂ ಎಷ್ಟೋ ಜೀವ ಉಳಿದವು. ಆದರೆ ನಮ್ಮ ಊರಿನಲ್ಲಿ ಅದೇ ಪತ್ರಿಕೆ ಬಿಡಿಸಿ ಓದಿದವನೂ ನಂಬಿದ. ಮೂರು ಕಿವಿಗೆ ಒಂದೇ ಬಾಯಿ ಎಂದೆನಲ್ಲ, ಇದು ಅದರ ಸುಂಕ. ಅವತ್ತು ಕೊಡೆಗಳ ಹಿಂದೆ ಒಬ್ಬ ಅಧಿಕಾರಿ ಕೂತು ಲೆಕ್ಕ ಹಾಕಿದ್ದ ಎಂಬುದನ್ನು ಮಾತ್ರ ನೆನಪಿಡಿ. ಯಾಕೆಂದು ಮುಂದೆ ಹೇಳುತ್ತೇನೆ.

(ಇಲ್ಲಿ ಕರೆಂಟ್ ಹೋಯಿತು. ಯಾರೋ "ಬ್ಲ್ಯಾಕೌಟ್ ಸರ್" ಎಂದರು. ಎಲ್ಲರೂ ನಕ್ಕೆವು.)

ಕಾರ್ಗಿಲ್ ಹೊತ್ತಿಗೆ ಟಿವಿ ಬಂದಿತ್ತು. 1999ರ ಜೂನ್‌ನಲ್ಲಿ ಕೇಬಲ್‌ನಲ್ಲಿ ಪಾಕಿಸ್ತಾನದ ಪಿಟಿವಿ ನಿಷೇಧವಾಯಿತು. ಅದು ಹಳೆಯ ಅಭ್ಯಾಸ, ಕಿವಿ ಮುಚ್ಚುವುದು. ಹೊಸತು ಏನೆಂದರೆ ದೆಹಲಿಯಲ್ಲಿ ದಿನಾ ಸೇನೆ, ವಾಯುಪಡೆ, ವಿದೇಶಾಂಗ ಮೂವರೂ ಒಂದೇ ಮೇಜಿನ ಹಿಂದೆ ಕೂತು ಉತ್ತರ ಕೊಟ್ಟದ್ದು. ಸತ್ತ ಯೋಧರ ದೇಹಗಳು ಅವರವರ ಊರಿಗೆ ಬಂದವು. ತ್ರಿವರ್ಣದ ಪೆಟ್ಟಿಗೆ ಊರ ಅಗಸಿಯಲ್ಲಿ ಇಳಿದ ಮೇಲೆ ಸತ್ತವರ ಲೆಕ್ಕ ಬಚ್ಚಿಡುವುದು ಹೇಗೆ? ಬಚ್ಚಿಡಲಿಲ್ಲ. ಆಚೆ ಕಡೆ ಪಾಕಿಸ್ತಾನ ತನ್ನ ಸೈನಿಕರನ್ನು ಮುಜಾಹಿದೀನ್ ಎಂದು ಹೇಳಿ ಬಹುಪಾಲು ಹೆಣಗಳನ್ನೂ ಒಯ್ಯಲಿಲ್ಲ. ನಮ್ಮವರೇ ಮರ್ಯಾದೆಯಿಂದ ಮಣ್ಣು ಮಾಡಿದರು. ಜಗತ್ತು ಎರಡನ್ನೂ ನೋಡಿತು. ಜೂನ್ 11ರಂದು, ಪಾಕಿಸ್ತಾನದ ಸೇನಾ ಮುಖ್ಯಸ್ಥ ಮುಷರ್ರಫ್ ಮತ್ತು ಅವರ ಜನರಲ್ ಫೋನಿನಲ್ಲಿ ಆಡಿದ ಮಾತಿನ ಟೇಪನ್ನು ಸರ್ಕಾರ ಬಿಡುಗಡೆ ಮಾಡಿತು. ಅದಕ್ಕೂ ಬೆಲೆ ತೆತ್ತೆವು, ನಾವು ಆ ತಂತಿಗೆ ಕಿವಿ ಹಚ್ಚಿದ್ದೇವೆ ಎಂಬ ಗುಟ್ಟು ಹೋಯಿತು.

ಉಕ್ರೇನ್ ಬಗ್ಗೆ ಎರಡು ಮಾತು ಹೇಳಲೇಬೇಕು, ಆ ಯುದ್ಧ ನಮ್ಮ ಜಿಲ್ಲೆಯ ಮನೆಯೊಳಗೂ ಬಂದಿತ್ತು. ರಷ್ಯಾ 2022ರ ಫೆಬ್ರುವರಿ 24ರಂದು ನುಗ್ಗಿ ಅದನ್ನು 'ವಿಶೇಷ ಸೇನಾ ಕಾರ್ಯಾಚರಣೆ' ಎಂದಿತು. ಯುದ್ಧದ ಬಗ್ಗೆ 'ಸುಳ್ಳು ಮಾಹಿತಿ' ಹರಡಿದರೆ ಹದಿನೈದು ವರ್ಷದವರೆಗೆ ಜೈಲು ಎಂಬ ಕಾನೂನು ಎಂಟೇ ದಿನಕ್ಕೆ ಬಂತು. ರಷ್ಯಾ ನುಗ್ಗಿದ ಮರುದಿನ ರಾತ್ರಿ ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ಕೀವ್‌ನ ಬೀದಿಯಲ್ಲಿ ನಿಂತು ಮೊಬೈಲಿನಲ್ಲಿ ತಾವೇ ಚಿತ್ರೀಕರಿಸಿದರು: ನಾವೆಲ್ಲ ಇಲ್ಲೇ ಇದ್ದೇವೆ. ಅರ್ಧ ನಿಮಿಷದ ಆ ವಿಡಿಯೋ ಊರು ಬಿಟ್ಟು ಓಡಿದರು ಎಂಬ ಗಾಳಿಮಾತನ್ನು ಕೊಂದಿತು. ಮಾರ್ಚಿನಲ್ಲಿ ಲಂಡನ್ ಸಂಸತ್ತಿಗೆ ಚರ್ಚಿಲ್ ನೆನಪು, ಅಮೆರಿಕಕ್ಕೆ ಪರ್ಲ್ ಹಾರ್ಬರ್, ಜರ್ಮನಿಗೆ ಗೋಡೆ. ಯಾರ ಮನೆಯ ಬಾಗಿಲಿಗೆ ಹೋದರೋ ಅವರ ಮನೆದೇವರ ಹೆಸರು ಹೇಳಿ ಬಡಿದರು. 'ಕೀವ್‌ನ ಭೂತ' ಎಂಬ ಅಜೇಯ ಪೈಲಟ್‌ನ ಕತೆ ಹಬ್ಬಿತ್ತು. ಅದು ಜನ ಕಟ್ಟಿದ ದಂತಕತೆ ಎಂದು ಏಪ್ರಿಲ್ 30ಕ್ಕೆ ಅವರ ವಾಯುಪಡೆಯೇ ಒಪ್ಪಿಕೊಂಡಿತು. ಎರಡು ತಿಂಗಳು.

ಯುದ್ಧ ಉದ್ದವಾದಂತೆ ಉಕ್ರೇನಿನ ಬಾಯಿ ಒಣಗಿತು. ಎಲ್ಲ ದೊಡ್ಡ ಚಾನೆಲ್‌ಗಳನ್ನು ಕೂಡಿಸಿ ಇಪ್ಪತ್ನಾಲ್ಕು ಗಂಟೆ ಒಂದೇ ಸುದ್ದಿ ಪ್ರಸಾರ ಮಾಡುತ್ತಿದ್ದರು. 2022ರ ಮೇ ತಿಂಗಳ ಸಮೀಕ್ಷೆಯಲ್ಲಿ ಶೇಕಡಾ 69 ಜನ ಅದನ್ನು ನಂಬುತ್ತೇವೆ ಎಂದಿದ್ದರು, 2024ರ ಫೆಬ್ರುವರಿಗೆ ಅದು 36ಕ್ಕೆ ಇಳಿಯಿತು. ಸತ್ತ ಸೈನಿಕರ ಅಧಿಕೃತ ಸಂಖ್ಯೆ, 31,000, ಮೊದಲ ಸಲ ಹೊರಬಂದದ್ದೂ ಅದೇ ತಿಂಗಳು. ಎರಡು ವರ್ಷಕ್ಕೆ.

ಅದೇ 2024ರ ಫೆಬ್ರುವರಿಯಲ್ಲಿ ಕಲಬುರಗಿಯ ಕೆಲವು ಹುಡುಗರ ವಿಡಿಯೋ ನಮ್ಮೆಲ್ಲರ ಫೋನಿಗೆ ಬಂತಲ್ಲ, ನೆನಪಿದೆಯೇ? ರಷ್ಯಾದಲ್ಲಿ ಸೆಕ್ಯುರಿಟಿ, ಹೆಲ್ಪರ್ ಕೆಲಸ ಅಂತ ಏಜೆಂಟ್ ಕರೆದೊಯ್ದು ಕೈಗೆ ಬಂದೂಕು ಕೊಡಿಸಿದ್ದ. ಆ ಸುದ್ದಿಯನ್ನು ಮಾಸ್ಕೋ ಹೇಳಲಿಲ್ಲ, ದೆಹಲಿ ಹೇಳಲಿಲ್ಲ. ಸಮವಸ್ತ್ರದಲ್ಲಿ ನಿಂತ ಹುಡುಗ ತಾನೇ ಫೋನ್ ಹಿಡಿದು ಮನೆಗೆ ಹೇಳಿದ. ಆಮೇಲೆ ಸರ್ಕಾರಗಳು ಮಾತಾಡಿದವು, ಸೆಪ್ಟೆಂಬರ್ ಹೊತ್ತಿಗೆ ಹುಡುಗರು ಊರಿಗೆ ಬಂದರು. ಡಂಗುರದವನು ಹೊರಡುವ ಮುಂಚೆಯೇ ಸುದ್ದಿ ಹೊಸ್ತಿಲು ದಾಟಿರುತ್ತದೆ. ಈಗಿನ ಕಾಲದ ಎಲ್ಲ ಸರ್ಕಾರಗಳ ಪೇಚು ಇದೇ.

ಈಗ 2025ರ ಮೇ ತಿಂಗಳು, ಪಹಲ್ಗಾಮ್ ದಾಳಿಯ ನಂತರದ ಆಪರೇಷನ್ ಸಿಂಧೂರ. ಇದನ್ನು ನೀವೆಲ್ಲ ಕಣ್ಣಾರೆ ಕಂಡಿದ್ದೀರಿ, ಆದ್ದರಿಂದ ವಿವರಿಸುವುದಿಲ್ಲ, ನನಗನಿಸಿದ್ದು ಹೇಳುತ್ತೇನೆ. 'ಸಿಂಧೂರ' ಎಂಬ ಹೆಸರು ಒಂದೇ ಪದದಲ್ಲಿ ಯಾಕೆ ಹೋದೆವು ಎಂಬುದನ್ನು ಹೇಳಿತು. 1948ರ 'ಪೊಲೀಸ್' ಹೊರಗಿನವರನ್ನು ದೂರವಿಡಲು ಆರಿಸಿದ ಶಬ್ದ, ಇದು ಒಳಗಿನವರನ್ನು ಒಂದುಗೂಡಿಸಲು ಆರಿಸಿದ್ದು. 7ರ ಬೆಳಗ್ಗೆ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ, ಅವರ ಅಕ್ಕಪಕ್ಕ ಕರ್ನಲ್ ಸೋಫಿಯಾ ಕುರೇಷಿ, ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್. ದನಿ ಏರಿಸದೆ, ನಕ್ಷೆ ತೋರಿಸಿ, ಇಂತಿಂಥ ಕಡೆ ಹೊಡೆದೆವು, ಸೇನಾ ನೆಲೆಗಳನ್ನು ಮುಟ್ಟಿಲ್ಲ ಎಂದರು. ಆ ಮೇಜಿನ ಮೇಲೆ ಯಾವ ಮಾತೂ ಹೆಚ್ಚಾಗಿರಲಿಲ್ಲ.

ಮರುದಿನ ರಾತ್ರಿ, ಅಂದರೆ 8ರ ರಾತ್ರಿ, ಟಿವಿಯಲ್ಲಿ ಬೇರೆ ಯುದ್ಧ ನಡೆಯಿತು. ಕರಾಚಿ ಬಂದರು ಹೊತ್ತಿ ಉರಿಯಿತು. ಇಸ್ಲಾಮಾಬಾದ್ ಬಿತ್ತು. ಸೈರನ್ ಊದುತ್ತಿತ್ತು, ಪರದೆಯೊಳಗೆ. ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಹನ್ನೊಂದೂವರೆಗೆ ಒಬ್ಬರು ಕರಾಚಿಯ ಬೆಂಕಿಯ ವಿಡಿಯೋ ಹಾಕಿದರು. ಮೂವತ್ತು ವರ್ಷ ಪತ್ರಿಕೋದ್ಯಮ ಪಾಠ ಮಾಡಿದ ಮನುಷ್ಯ ಅದನ್ನು ಇನ್ನೆರಡು ಗುಂಪಿಗೆ ಕಳಿಸಿದ. ಆ ಮನುಷ್ಯ ನಾನೇ. ಬೆಳಗ್ಗೆ ಎದ್ದು ನೋಡಿದರೆ ಕರಾಚಿ ಹಾಗೇ ಇತ್ತು. ಅಪ್ಪನ ಮೂರರಿಂದ ಭಾಗಿಸುವ ಲೆಕ್ಕ ಅವತ್ತು ನೆನಪಾಗಲಿಲ್ಲ, ಯಾಕಂದರೆ ಎಲ್ಲ ಚಾನೆಲ್‌ಗಳೂ ಒಂದೇ ಹೇಳುತ್ತಿದ್ದವು. ಟಾಂಗೈಲ್‌ನ ಕೊಡೆಗಳನ್ನು ನೆನಪಿಡಿ ಎಂದಿದ್ದೆನಲ್ಲ. ಅವತ್ತು ಉಬ್ಬಿಸಿದವನಿಗೆ ಒಂದು ಗುರಿ ಇತ್ತು, ಢಾಕಾದಲ್ಲಿ ಕೂತ ಒಬ್ಬ ಜನರಲ್. 8ರ ರಾತ್ರಿಯ ಬೆಂಕಿಗೆ ಗುರಿಯೇ ಇರಲಿಲ್ಲ. ವೈರಿ ನಂಬಲಿಲ್ಲ, ಜಗತ್ತು ನಕ್ಕಿತು, ನಂಬಿದವರು ನಾವು. ಹಗಲಿಡೀ ಆ ಮೇಜಿನ ಮೇಲೆ ಮೂವರು ಕೂಡಿಟ್ಟ ನಂಬಿಕೆ ರಾತ್ರಿ ಖರ್ಚಾಗುತ್ತಿತ್ತು. ಕೊನೆಗೆ 10ರಂದು, ನಿಮ್ಮ ಕಾರ್ಯಕ್ರಮಗಳಲ್ಲಿ ಸೈರನ್ ಸದ್ದು ಬಳಸಬೇಡಿ, ನಿಜವಾದ ಸೈರನ್ ಊದಿದರೆ ಜನ ಏಳುವುದಿಲ್ಲ ಎಂದು ಸರ್ಕಾರವೇ ಚಾನೆಲ್‌ಗಳಿಗೆ ಹೇಳಬೇಕಾಯಿತು. ಪಕ್ಕದ ರಾಯಚೂರಿನಲ್ಲಿ ಅಣಕು ಕಾರ್ಯಾಚರಣೆಗೆ ನಿಜವಾದ ಸೈರನ್ ಊದುವ ವಾರ ಅದು.

ನಡುವೆ ಇನ್ನೊಂದು. ಕರ್ನಲ್ ಸೋಫಿಯಾ ಅವರ ಗಂಡನ ಊರು ಬೆಳಗಾವಿ ಜಿಲ್ಲೆಯದು. ಆ ಮನೆಯ ಮೇಲೆ ದಾಳಿಯಾಯಿತು ಎಂಬ ಸುಳ್ಳು ಪೋಸ್ಟ್ ಹೊರಗಿನಿಂದ ಹರಿದುಬಂತು. ಬೆಳಗಾವಿ ಪೊಲೀಸರು ಕೂಡಲೇ ಇದು ಸುಳ್ಳು ಎಂದರು. ಗಂಟೆಗಳ ಲೆಕ್ಕದಲ್ಲಿ. ಒಂದು ಜಿಲ್ಲೆಯ ಪೊಲೀಸ್ ಕಚೇರಿ ಅಷ್ಟು ಚುರುಕಾಗಿ ಮಾಡಿದ ಕೆಲಸಕ್ಕೆ ಯಾರೂ ಹಾರ ಹಾಕಲಿಲ್ಲ.

ಈಗ ನನ್ನ ಕ್ಯಾಲೆಂಡರ್. 2019ರ ಫೆಬ್ರುವರಿ 27ರಂದು ಬುಡ್ಗಾಂನಲ್ಲಿ ನಮ್ಮದೇ ಕ್ಷಿಪಣಿ ನಮ್ಮದೇ ಹೆಲಿಕಾಪ್ಟರನ್ನು ಉರುಳಿಸಿತು. ಅದು ದೊಡ್ಡ ತಪ್ಪು ಎಂದು ವಾಯುಪಡೆ ಮುಖ್ಯಸ್ಥರು ಒಪ್ಪಿದ್ದು ಅಕ್ಟೋಬರ್ 4ಕ್ಕೆ, ಏಳು ತಿಂಗಳು. 2025ರಲ್ಲಿ ವಿಮಾನ ಕಳೆದುಕೊಂಡೆವೇ ಎಂಬ ಪ್ರಶ್ನೆಗೆ ಮೇ 11ರಂದು ಏರ್ ಮಾರ್ಷಲ್ ಎ.ಕೆ. ಭಾರ್ತಿ, ನಷ್ಟ ಕದನದ ಭಾಗ, ಪೈಲಟ್‌ಗಳೆಲ್ಲ ಮನೆಗೆ ಮರಳಿದ್ದಾರೆ ಎಂದರು. ಹೌದು, ಕಳೆದುಕೊಂಡೆವು, ಯಾಕೆ ಎಂಬುದು ಮುಖ್ಯ ಎಂದು ಮೂರೂ ಪಡೆಗಳ ಮೇಲಿನ ರಕ್ಷಣಾ ಮುಖ್ಯಸ್ಥ (ಸಿಡಿಎಸ್) ಅನಿಲ್ ಚೌಹಾಣ್ ಬಾಯಿಬಿಟ್ಟದ್ದು ಮೇ 31ಕ್ಕೆ. ಇಪ್ಪತ್ನಾಲ್ಕು ದಿನ. ಏಳು ತಿಂಗಳಿಂದ ಇಪ್ಪತ್ನಾಲ್ಕು ದಿನಕ್ಕೆ ಬಂದದ್ದನ್ನು ನಾನು ಮುನ್ನಡೆ ಅನ್ನುತ್ತೇನೆ. ಒಂದೇ ಕೊರತೆ: ಹೇಳಿದ್ದು ಸಿಂಗಪುರದಲ್ಲಿ, ವಿದೇಶಿ ಸುದ್ದಿಸಂಸ್ಥೆಗೆ. ಮನೆಯ ಸುದ್ದಿಯನ್ನು ಪರ ಊರಿನಲ್ಲಿ ಕೇಳಿಸಿಕೊಂಡ ಹಾಗಾಯಿತು.

ಎಣಿಕೆಯಲ್ಲಿ ಒಂದು ಉಳಿದಿದೆ, ಅದು ನಮ್ಮದೇ. 1948ರ ಮೇ ತಿಂಗಳು ಬೀದರ್ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ಮಾಡಿದ ಹತ್ಯಾಕಾಂಡದಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು ಎಂದು ಊರು ನೆನಪಿಟ್ಟುಕೊಂಡಿದೆ. ಸ್ಮಾರಕ ಉದ್ಘಾಟನೆಯಾದದ್ದು 2023ಕ್ಕೆ. ಸೆಪ್ಟೆಂಬರಿನ ಪೊಲೀಸ್ ಕ್ರಮದ ಹೊತ್ತಿಗೂ ಆಮೇಲೂ ಸೇಡಿನಲ್ಲಿ ಸತ್ತವರು ಇನ್ನೊಂದು ಕಡೆಯವರು. ಅದನ್ನು ನೋಡಿಬರಲು ಭಾರತ ಸರ್ಕಾರವೇ ಪಂಡಿತ ಸುಂದರಲಾಲ್ ಅವರ ತಂಡವನ್ನು ಕಳಿಸಿತು. 27ರಿಂದ 40 ಸಾವಿರ ಜನ, ಇದೂ ಕಡಿಮೆ ಹಿಡಿದು ಹೇಳಿದ ಅಂದಾಜು ಎಂದು ಅವರು ಬರೆದರು. ಅತಿ ಹೆಚ್ಚು ಪೆಟ್ಟು ತಿಂದವು ಎಂದು ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ್ ಜೊತೆಗೆ ಗುಲ್ಬರ್ಗಾ ಇದೆ, ಬೀದರ್ ಇದೆ. ನೆರೆಯವರನ್ನು ಜೀವ ಒತ್ತೆಯಿಟ್ಟು ಕಾಪಾಡಿದ ಹಿಂದೂಗಳ ಪ್ರಸಂಗಗಳನ್ನೂ ಅವರು ಬರೆದಿದ್ದಾರೆ. ಸರ್ಕಾರ ಅದನ್ನು ಪ್ರಕಟಿಸಲಿಲ್ಲ. ತುಣುಕುಗಳು ಆಗೀಗ ಹೊರಬಂದವು, ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಜನ ನೋಡುವಂತಾದದ್ದು 2013ರ ಹೊತ್ತಿಗೆ. ಅರವತ್ತೈದು ವರ್ಷ. ಐದು ದಿನಕ್ಕೆ ಮುಗಿದ ಕಾರ್ಯಾಚರಣೆ.

ಪ್ರಶ್ನೆ ಇದ್ದರೆ ಕೇಳಿ.

(ಒಬ್ಬ ವಿದ್ಯಾರ್ಥಿನಿ: ಹಾಗಾದ್ರ ಯುದ್ಧ ನಡದಾಗ ಎಲ್ಲಾನೂ ಹೇಳಿಬಿಡಬೇಕೇನ್ರಿ ಸರ್?)

ಬೇಡ ತಾಯಿ. ದಂಡು ಎಲ್ಲಿದೆ, ಎಷ್ಟಿದೆ, ನಾಳೆ ಎತ್ತ ಹೊರಟಿದೆ, ಇದನ್ನು ಹೇಳುವವನು ದ್ರೋಹಿ. 2008ರಲ್ಲಿ ಮುಂಬೈ ದಾಳಿಯ ನೇರ ಪ್ರಸಾರ ಉಗ್ರರಿಗೆ ದುರ್ಬೀನು ಆಯಿತು, ಸುಪ್ರೀಂ ಕೋರ್ಟೇ ಅದನ್ನು ಬೈದು ಬರೆದಿದೆ. ನಾನು ಕೇಳುತ್ತಿರುವುದು ಆದದ್ದರ ಸುದ್ದಿ. ಬಿದ್ದ ವಿಮಾನ ಎಲ್ಲಿ ಬಿತ್ತು ಎಂಬುದು ವೈರಿಗೆ ಗೊತ್ತು, ಜಗತ್ತಿಗೆ ಉಪಗ್ರಹದಲ್ಲಿ ಕಾಣುತ್ತದೆ. ಗೊತ್ತಿಲ್ಲದವರು ನಾವಿಬ್ಬರೇ, ನೀನು ಮತ್ತು ನಾನು.

ವಂದನಾರ್ಪಣೆ ಆಗಿ ಮಂಡಾಳ ಒಗ್ಗರಣಿ, ಚಹಾ ಆದ ಮೇಲೆ ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಹತ್ತಿರ ಬಂದರು. ಆಳಂದ ಕಡೆಯವರಂತೆ. ಬಿಳಿ ಪೈಜಾಮ, ಕೈಯಲ್ಲಿ ಕೋಲು. "ನೀವು ಹೇಳಿದ ವರದಿ ಅದಲ್ರಿ, ಅದರಾಗ ನಮ್ಮ ಊರಿನ ಹೆಸರು ಅದ ಏನ್ರಿ?" ಎಂದರು. ಪ್ರತಿ ನನ್ನ ಚೀಲದಲ್ಲೇ ಇತ್ತು. ಕಿಟಕಿಯ ಬೆಳಕಿಗೆ ಹಿಡಿದು ಇಬ್ಬರೂ ನೋಡಿದೆವು. ಜಿಲ್ಲೆಯ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಆ ಬೆರಳಿನ ಪಕ್ಕ ತಮ್ಮ ಬೆರಳು ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ, "ಇದರ ಝೆರಾಕ್ಸ್ ಸಿಗಬಹುದೇನ್ರಿ, ಮೊಮ್ಮಗ ಇಂಗ್ಲಿಷ್ ಓದತಾನ" ಎಂದರು.

ಕಾಲೇಜಿನ ಎದುರು ಅಂಗಡಿ. ಕರೆಂಟ್ ಆಗಷ್ಟೇ ಬಂದಿತ್ತು, ಯಂತ್ರ ಕಾಯಬೇಕು ಎಂದ ಹುಡುಗ. ಕಾಯುತ್ತಾ ನಿಂತೆವು. ಯಂತ್ರದ ಹಸಿರು ದೀಪ ಹತ್ತಿದ ಮೇಲೆ ಹಾಳೆಗಳನ್ನು ತಟ್ಟಿ ಸರಿಮಾಡಿಕೊಂಡು ಕೇಳಿದ: "ಎರಡೂ ಬಾಜು ಹೊಡಿಲೇನ್ರಿ, ಒಂದೇ ಬಾಜು?"

"ಎರಡೂ ಬಾಜು ಹೊಡಿ" ಎಂದರು ಹಿರಿಯರು. "ಅಕ್ಷರ ಮಾತ್ರ ದೊಡ್ಡವು ಬರಲಿ."